ಮಗು ಆಗುತ್ತಿಲ್ಲವೇ? ಮೊದಲ ಟೆಸ್ಟ್ ಗಂಡನದಾಗಲಿ: ಮುಂಬೈ ಕನ್ನಡಿಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮದುವೆಯಾಗಿ ಎರಡು ವರ್ಷ ತುಂಬಿದರೆ ಸಾಕು, ಊರಿಂದ ಫೋನ್ ಶುರುವಾಗುತ್ತದೆ. ಅದರ ಬೆನ್ನಿಗೇ ಸೊಸೆಯನ್ನು ಕರೆದುಕೊಂಡು ಅತ್ತೆ ಲೇಡಿ ಡಾಕ್ಟರ ಹತ್ತಿರ ಹೊರಡುತ್ತಾರೆ. ರಕ್ತ ಪರೀಕ್ಷೆ, ಸೋನೋಗ್ರಫಿ, ಗರ್ಭನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ, ಕೆಲವರಿಗೆ ದುರ್ಬೀನಿನ ಆಪರೇಷನ್ನೂ ಆಗಿಬಿಡುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ಯಾರೋ ಕೇಳುತ್ತಾರೆ: ಗಂಡನ ರಿಪೋರ್ಟ್ ಎಲ್ಲಿ?

ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಐದರಲ್ಲಿ ಒಂದು ಜೋಡಿಯಲ್ಲಂತೂ ತೊಂದರೆ ಅವನೊಬ್ಬನದೇ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ, ನೋವಿಲ್ಲ. ಈ ಸಾಲಿನ ಟೆಸ್ಟುಗಳಲ್ಲಿ ಅತಿ ಕಡಿಮೆ ಖರ್ಚಿನವುಗಳಲ್ಲಿ ಅದೂ ಒಂದು. ಅದನ್ನು ಕೊನೆಗೆ ಇಟ್ಟುಕೊಳ್ಳುವುದಕ್ಕೆ ಗಂಡಸಿನ ಹಿಂಜರಿಕೆ ಬಿಟ್ಟರೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ನಾನು ಡಾಕ್ಟರ್ ಅಲ್ಲ. ಉಪನಗರದ ಒಂದು ಪೆಥಾಲಜಿ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂರುವವನು. ಸ್ಯಾಂಪಲ್ ಹೇಗೆ ಕೆಡುತ್ತದೆ, ರಿಪೋರ್ಟನ್ನು ಜನ ಹೇಗೆ ತಪ್ಪಾಗಿ ಓದಿಕೊಳ್ಳುತ್ತಾರೆ ಎಂಬುದು ದಿನಾ ಕಣ್ಣಿಗೆ ಬೀಳುತ್ತದೆ. ಚಿಕಿತ್ಸೆಯ ತೀರ್ಮಾನ ನಿಮ್ಮ ಡಾಕ್ಟರದು. ಅವರ ಎದುರು ಕೂರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಸರಿಯಾದ ಕಾಗದ ಇರಬೇಕು, ಅಷ್ಟಕ್ಕೆ ಈ ಬರಹ.

ಹಂತ 1: ಒಂದು ವರ್ಷದ ಲೆಕ್ಕ ಸರಿಯಾಗಿ ಹಾಕಿ

ಗರ್ಭನಿರೋಧಕ ಏನೂ ಬಳಸದೆ, ನಿಯಮಿತವಾಗಿ ಕೂಡುತ್ತಿದ್ದು, 12 ತಿಂಗಳಾದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಶುರು ಮಾಡಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ಶುರು ಮಾಡಬೇಕು. ಇಲ್ಲಿ ‘ನಿಯಮಿತವಾಗಿ’ ಅಂದರೆ ಎರಡು ಮೂರು ದಿನಕ್ಕೊಮ್ಮೆ.

ಮುಂಬೈಯಲ್ಲಿರುವ ನಮ್ಮವರ ಲೆಕ್ಕ ತಪ್ಪುವುದು ಇಲ್ಲೇ. ಹೋಟೆಲ್ ಕೆಲಸದ ಕುಂದಾಪುರದ ಹುಡುಗ ಒಬ್ಬ ಬಂದು, "ಮೂರು ವರ್ಷ ಆಯ್ತು ಮಾರಾಯ್ರೆ, ಇನ್ನೂ ಏನೂ ಇಲ್ಲ" ಅಂದ. ಹೆಂಡತಿ ಎಲ್ಲಿ ಎಂದು ಕೇಳಿದರೆ, ಊರಲ್ಲಿ, ಅಮ್ಮನ ಜೊತೆ. ವರ್ಷಕ್ಕೆ ಎರಡು ಸಲ ಮತ್ಸ್ಯಗಂಧಾ ಹತ್ತಿ ಹೋಗುತ್ತಾನೆ, ಒಮ್ಮೆ ಹಬ್ಬಕ್ಕೆ, ಒಮ್ಮೆ ಮನೆಯ ಕಾರ್ಯಕ್ಕೆ. ಬಂದರಿನ ಗೋದಿಯಲ್ಲಿ (ಡಾಕ್), ಕಟ್ಟಡದ ಸೈಟಿನಲ್ಲಿ ದುಡಿಯುವ ವಿಜಯಪುರ, ಕಲಬುರಗಿ ಕಡೆಯವರ ಕಥೆಯೂ ಬೇರೆಯಲ್ಲ. ಕ್ಯಾಲೆಂಡರಿನಲ್ಲಿ ಮೂರು ವರ್ಷವಾದರೂ ಜೊತೆಗಿದ್ದ ದಿನ ಕೂಡಿಸಿದರೆ ಮೂರು ತಿಂಗಳೂ ಆಗುವುದಿಲ್ಲ.

ಹೆಣ್ಣಿನ ಅಂಡ ಹೊರಬಂದ ಮೇಲೆ ಬದುಕಿರುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಒಳಗೆ ಸುಮಾರು ಐದು ದಿನ ಕಾಯಬಲ್ಲದು. ಹಾಗಾಗಿ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆಯಿರುವುದು ಅಂಡ ಬಿಡುಗಡೆಯ ದಿನವೂ ಸೇರಿ ಆರು ದಿನ ಮಾತ್ರ. 28 ದಿನಕ್ಕೆ ಮುಟ್ಟಾಗುವವರಲ್ಲಿ ಇದು ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಸುಮಾರು 9ರಿಂದ 14ನೇ ದಿನದೊಳಗೆ ಬರುತ್ತದೆ. ನೀವು ಊರಿಗೆ ಹೋದ ವಾರ ಆ ಆರು ದಿನಕ್ಕೆ ಹೊಂದದಿದ್ದರೆ ಆ ತಿಂಗಳು ಲೆಕ್ಕಕ್ಕೇ ಇಲ್ಲ. ಇಂಥವರಿಗೆ ಟೆಸ್ಟ್ ಬೇಡ ಅಂತಲ್ಲ. ಆದರೆ ಡಾಕ್ಟರ ಹತ್ತಿರ ‘ಮೂರು ವರ್ಷ’ ಎಂದಷ್ಟೇ ಹೇಳಿ, ಬೇಡದ ಚಿಕಿತ್ಸೆಗೆ ತಲೆ ಕೊಡಬೇಡಿ.

ನಗರದಲ್ಲೇ ಜೊತೆಗಿದ್ದರೂ, ಒಂದೇ ಖೋಲಿಯಲ್ಲಿ ಆರು ಜನ ಮಲಗುವ ಮನೆಯಾದರೆ, ಗಂಡ ರಾತ್ರಿ ಪಾಳಿ ಹೆಂಡತಿ ಹಗಲು ಪಾಳಿಯಾದರೆ, ಇದೇ ಪ್ರಶ್ನೆ ಎದುರಾಗುತ್ತದೆ. ಸಂಭೋಗವೇ ಸರಿಯಾಗಿ ಆಗುತ್ತಿಲ್ಲ, ನಿಮಿರುವಿಕೆ ನಿಲ್ಲುತ್ತಿಲ್ಲ, ವೀರ್ಯ ಒಳಗೆ ಹೋಗುತ್ತಿಲ್ಲ ಅಂತಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಇದಕ್ಕೂ ಮದ್ದಿದೆ, ಆದರೆ ವೀರ್ಯದ ರಿಪೋರ್ಟ್‌ನಲ್ಲಿ ಇದು ಕಾಣುವುದಿಲ್ಲ.

ಕೆಲವರು ವರ್ಷ ಕಾಯಲೇಬಾರದು: ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಆಪರೇಷನ್ ಆದವರು, ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿದ್ದವರು, ಕ್ಯಾನ್ಸರ್ ಚಿಕಿತ್ಸೆ ಪಡೆದವರು.

ಹಂತ 2: ಹೋಗುವ ಮುನ್ನ ಒಂದು ಚೀಟಿ ಬರೆದಿಟ್ಟುಕೊಳ್ಳಿ

ಓಪಿಡಿಯಲ್ಲಿ ಡಾಕ್ಟರಿಗೆ ಸಿಗುವುದು ಐದಾರು ನಿಮಿಷ. ನೆನಪು ಮಾಡಿಕೊಳ್ಳುತ್ತ ಕೂತರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಜ್ವರ ಬರೆಯಿರಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಅದು ನಾಳಗಳನ್ನು ದಾಟಿ ಹೊರಬರಲು ಇನ್ನಷ್ಟು ದಿನ. ಮಳೆಗಾಲದಲ್ಲಿ ಡೆಂಗ್ಯೂ, ಮಲೇರಿಯಾ, ಟೈಫಾಯ್ಡ್ ಬಂದು ಮಲಗಿದ್ದವರ ವೀರ್ಯದ ಸಂಖ್ಯೆ ಮತ್ತು ಚಲನೆ ಮುಂದಿನ ಎರಡು ಮೂರು ತಿಂಗಳು ಇಳಿದಿರಬಹುದು. ಆಗಸ್ಟಿನಲ್ಲಿ ಡೆಂಗ್ಯೂ, ಸೆಪ್ಟೆಂಬರಿನಲ್ಲಿ ಟೆಸ್ಟ್, ಅಕ್ಟೋಬರಿನಲ್ಲಿ ‘ನನ್ನಲ್ಲಿ ದೋಷ’ ಎಂದು ಖಿನ್ನತೆಗೆ ಬಿದ್ದವರಿದ್ದಾರೆ. ಮುಂಬೈಯಲ್ಲಿ ಈ ಒಂದು ಸಾಲು ಬರೆದಿಟ್ಟರೆ ಎಷ್ಟೋ ಗೊಂದಲ ತಪ್ಪುತ್ತದೆ.

ಆಮೇಲೆ ಹಳೆಯದು: ಹರ್ನಿಯಾ ಆಪರೇಷನ್, ವೃಷಣಕ್ಕೆ ಬಿದ್ದ ಪೆಟ್ಟು, ಟಿಬಿ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ವೀರ್ಯನಾಳಕ್ಕೆ ತಗುಲಿದರೆ ವಾಸಿಯಾದ ಮೇಲೂ ನಾಳ ಮುಚ್ಚಿಕೊಂಡಿರಬಹುದು. ಸಕ್ಕರೆ ಕಾಯಿಲೆ ಇದ್ದರೆ ಬರೆಯಿರಿ.

ಈಗ ನುಂಗುತ್ತಿರುವ ಮಾತ್ರೆಗಳ ಹೆಸರೂ ಬೇಕು. ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್, ಮೂತ್ರದ ತೊಂದರೆಗೆ ಕೊಡುವ ಟ್ಯಾಮ್‌ಸುಲೋಸಿನ್, ಕರುಳಿನ ಉರಿಯೂತಕ್ಕೆ ಕೊಡುವ ಸಲ್ಫಸಲಜೀನ್ ಇವೆಲ್ಲ ವೀರ್ಯದ ಮೇಲೆ ಒಂದಲ್ಲ ಒಂದು ರೀತಿ ಪರಿಣಾಮ ಬೀರಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ, ತೋರಿಸಿ.

ಜಿಮ್ಮಿನವರಿಗೆ ಪ್ರತ್ಯೇಕವಾಗಿ ಹೇಳಬೇಕು. ಮೈ ಕಟ್ಟಲೆಂದು ಟ್ರೇನರ್ ಕೊಡಿಸುವ ಟೆಸ್ಟೋಸ್ಟೆರೋನ್ ಅಥವಾ ಸ್ಟಿರಾಯ್ಡ್ ಇಂಜೆಕ್ಷನ್ ವೀರ್ಯದ ದೊಡ್ಡ ಶತ್ರು. ಗಂಡಸುತನದ ಹಾರ್ಮೋನ್ ಹಾಕಿಕೊಂಡರೆ ವೀರ್ಯ ಹೆಚ್ಚುತ್ತದೆ ಅಂದುಕೊಳ್ಳುತ್ತಾರೆ, ಆಗುವುದು ತಿರುಗಾಮುರುಗಾ. ಹೊರಗಿನಿಂದ ಬಂದ ಹಾರ್ಮೋನ್ ಕಂಡ ಮೆದುಳು ವೃಷಣಕ್ಕೆ ಕಳಿಸುವ ಆಜ್ಞೆಯನ್ನೇ ನಿಲ್ಲಿಸುತ್ತದೆ. ಸಂಖ್ಯೆ ಸೊನ್ನೆಗೂ ಇಳಿಯಬಹುದು. ಬಿಟ್ಟ ಮೇಲೆ ಹೆಚ್ಚಿನವರಲ್ಲಿ ಮರಳಿ ಬರುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಡಾಕ್ಟರ ಮುಂದೆ ಇದನ್ನು ಮುಚ್ಚಿಟ್ಟರೆ ಮುಂದಿನ ಪರೀಕ್ಷೆಗಳೆಲ್ಲ ದಾರಿ ತಪ್ಪುತ್ತವೆ.

ಕೊನೆಗೆ ಕೆಲಸ ಮತ್ತು ಚಟ. ವೃಷಣ ದೇಹದ ಹೊರಗೆ ತೂಗಿಕೊಂಡಿರುವುದೇ ಮೈಯ ಶಾಖಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿರಲೆಂದು. ದಿನಕ್ಕೆ ಹತ್ತು ಗಂಟೆ ಭಟ್ಟಿ, ತಂದೂರಿನ ಮುಂದೆ ನಿಲ್ಲುವವರು, ಬಾಯ್ಲರ್ ಪಕ್ಕದಲ್ಲಿ ದುಡಿಯುವವರು, ಬಿಸಿ ಇಂಜಿನ್ನಿನ ಮೇಲೆ ಕೂತು ದಿನವಿಡೀ ಗಾಡಿ ಓಡಿಸುವವರು ಹೇಳಿಕೊಳ್ಳಬೇಕು. ಗುಟ್ಕಾಕ್ಕೆ ಮಹಾರಾಷ್ಟ್ರದಲ್ಲಿ 2012ರಿಂದ ನಿಷೇಧವಿದೆ, ಎಲ್ಲಿ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತಂಬಾಕು, ಸಿಗರೇಟು, ಕುಡಿತ ಎಷ್ಟೆಂದು ನಿಜ ಹೇಳಿ.

ಹಂತ 3: ಎಲ್ಲಿಗೆ ಹೋಗುವುದು

ವೀರ್ಯ ಪರೀಕ್ಷೆ ಎಂಬ ಬೋರ್ಡು ಗಲ್ಲಿಗೊಂದು ಲ್ಯಾಬಿನಲ್ಲಿದೆ. ಚೆನ್ನಾಗಿ ಮಾಡುವವರು ಅಷ್ಟಿಲ್ಲ. ನಮ್ಮ ಕಸುಬಿನವರ ಮೇಲೆ ನಾನೇ ಹೇಳುತ್ತಿದ್ದೇನೆ. ಇದು ಇಂದಿಗೂ ಬಹುಪಾಲು ಕಣ್ಣಿನಿಂದ, ಕೈಯಿಂದ ಆಗುವ ಎಣಿಕೆ. ಎಣಿಸುವವನ ಅಭ್ಯಾಸದ ಮೇಲೆ ಫಲಿತಾಂಶ ನಿಂತಿದೆ. ಹೋಗುವ ಮೊದಲು ಫೋನ್ ಮಾಡಿ ಮೂರು ಮಾತು ಕೇಳಿ: ಈ ಟೆಸ್ಟ್ ನಿಮ್ಮಲ್ಲಿ ದಿನಾ ಆಗುತ್ತದೆಯೇ? ಸ್ಯಾಂಪಲ್ ಕೊಡಲು ಬೇರೆ ಕೋಣೆ ಇದೆಯೇ? ರಿಪೋರ್ಟ್ ವಿಶ್ವ ಆರೋಗ್ಯ ಸಂಸ್ಥೆಯ 2021ರ ಆರನೇ ಆವೃತ್ತಿಯ ಪ್ರಕಾರವೇ? ಮೂರನೆಯದಕ್ಕೆ ತಡವರಿಸಿದರೆ ಬೇರೆ ಲ್ಯಾಬ್ ನೋಡಿ. ಸ್ಯಾಂಪಲನ್ನು ತಾವು ನೋಡದೆ ಬೇರೆ ಊರಿನ ದೊಡ್ಡ ಲ್ಯಾಬಿಗೆ ಕಳಿಸುವ ಕಲೆಕ್ಷನ್ ಸೆಂಟರಿನಲ್ಲಿ ಈ ಟೆಸ್ಟ್ ಮಾಡಿಸಲೇಬೇಡಿ, ದಾರಿಯಲ್ಲೇ ಅದು ಸಾಯುತ್ತದೆ.

ಡಾಕ್ಟರ್ ಎಂದರೆ ಯೂರಾಲಜಿಸ್ಟ್. ಅದರಲ್ಲೂ ಗಂಡಸರ ಸಂತಾನಹೀನತೆಯನ್ನೇ ನೋಡುವ ಆಂಡ್ರಾಲಜಿಸ್ಟ್ ಸಿಕ್ಕರೆ ಒಳ್ಳೆಯದು. ಖಾಸಗಿ ಬೇಡವೆಂದರೆ ಮಹಾನಗರ ಪಾಲಿಕೆಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಿವೆ, ರಾಜ್ಯ ಸರಕಾರದ ಜೆಜೆ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಯಾವ ವಾರ ಯಾವ ಓಪಿಡಿ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು, ಇಡೀ ದಿನ ರಜೆ ಹಾಕಿಕೊಳ್ಳಬೇಕು. ಪರೇಲಿಗೆ ಈ ವಿಷಯದಲ್ಲಿ ಹಳೆಯ ಹೆಸರಿದೆ. 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದುಜಾ ಅವರ ತಂಡದ ಕೈಯಲ್ಲಿ ಪ್ರಣಾಳ ಶಿಶು ಹರ್ಷಾ ಹುಟ್ಟಿದ್ದು ಕೆಇಎಂನಲ್ಲೇ. ಆ ಕೆಲಸದಲ್ಲಿ ಕೈಜೋಡಿಸಿದ್ದ ಐಸಿಎಂಆರ್‌ನ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯೂ ಪರೇಲಿನಲ್ಲೇ ಇದೆ.

ಹಂತ 4: ಸ್ಯಾಂಪಲ್ ಕೊಡುವುದು

ಈ ಹಂತದಲ್ಲಿ ಆಗುವ ತಪ್ಪು ಮುಂದೆ ಎಲ್ಲೂ ಸರಿಯಾಗುವುದಿಲ್ಲ. ಸ್ವಲ್ಪ ನಿಧಾನವಾಗಿ ಓದಿ.

ಕೊನೆಯ ಸಲ ವೀರ್ಯ ಹೊರಬಂದು 2 ದಿನಕ್ಕೆ ಕಡಿಮೆಯಿರಬಾರದು, 7 ದಿನ ಮೀರಿರಬಾರದು. ಸಂಭೋಗ, ಹಸ್ತಮೈಥುನ, ನಿದ್ದೆಯಲ್ಲಿ ಆದದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ‘ತಿಂಗಳಿಡೀ ಕೂಡಿಟ್ಟರೆ ಚೆನ್ನಾಗಿ ಬರುತ್ತದೆ’ ಎಂದು ನಂಬಿ ಬರುವವರಿದ್ದಾರೆ. ಹಾಗೆ ಕೂಡಿಟ್ಟರೆ ಸಂಖ್ಯೆ ಸ್ವಲ್ಪ ಏರಬಹುದು, ಹಳೆಯ ಸತ್ತ ವೀರ್ಯಾಣು ತುಂಬಿಕೊಂಡು ಚಲನೆ ಬೀಳುತ್ತದೆ. ಎಷ್ಟು ದಿನವಾಯಿತೆಂದು ಫಾರ್ಮಿನಲ್ಲಿ ಬರೆಯಿರಿ. ಎರಡನೇ ಸಲ ಕೊಡುವಾಗಲೂ ಅಷ್ಟೇ ದಿನದ ಅಂತರವಿಟ್ಟರೆ ಎರಡು ರಿಪೋರ್ಟ್‌ಗಳನ್ನು ಹೋಲಿಸಬಹುದು.

ಮೂತ್ರ ಮಾಡಿ, ಕೈ ಮತ್ತು ಶಿಶ್ನ ತೊಳೆದು, ಚೆನ್ನಾಗಿ ಒರೆಸಿಕೊಳ್ಳಿ. ಸೋಪು ಉಳಿದರೂ, ನೀರು ಉಳಿದರೂ ವೀರ್ಯಾಣುವಿಗೆ ಕೆಡುಕು. ಎಣ್ಣೆ, ಕ್ರೀಮು, ಜೆಲ್, ಎಂಜಲು ಯಾವುದೂ ಬೇಡ. ಲ್ಯಾಬ್ ಕೊಟ್ಟ ಅಗಲ ಬಾಯಿಯ ಡಬ್ಬಿಯಲ್ಲೇ ಹಿಡಿಯಿರಿ. ಮನೆಯ ಔಷಧಿ ಬಾಟಲಿ ತೊಳೆದು ತರಬೇಡಿ. ಅಂಗಡಿಯ ಕಾಂಡೋಮ್ ಕೂಡ ನಡೆಯದು, ಅದರ ರಬ್ಬರು ಮತ್ತು ಜಾರುಪದಾರ್ಥ ವೀರ್ಯಾಣುವನ್ನು ಕೊಲ್ಲುತ್ತದೆ. ಸಂಭೋಗದ ನಡುವೆ ಹೊರತೆಗೆದು ಹಿಡಿಯುವುದೂ ಸರಿಯಲ್ಲ, ಮೊದಲ ಹನಿ ಹೋಗಿಬಿಟ್ಟಿರುತ್ತದೆ.

ಆ ಮೊದಲ ಹನಿಯಲ್ಲೇ ವಿಷಯ ಇರುವುದು. ವೀರ್ಯಾಣುಗಳು ಹೆಚ್ಚಾಗಿ ಮೊದಲ ಭಾಗದಲ್ಲಿ ಬರುತ್ತವೆ, ಆಮೇಲಿನದು ಬಹುಪಾಲು ಗ್ರಂಥಿಗಳ ದ್ರವ. ಮೊದಲ ಭಾಗ ಚೆಲ್ಲಿದರೆ ನಾಚಿಕೊಳ್ಳದೆ ಹೇಳಿ. ಹೇಳದೆ ಹೋದರೆ ನಾವು ಉಳಿದದ್ದನ್ನು ಎಣಿಸಿ ‘ಕಡಿಮೆ’ ಎಂದು ಬರೆದು ಕಳಿಸುತ್ತೇವೆ, ನೀವು ಆ ಕಾಗದ ಹಿಡಿದು ತಿಂಗಳು ತಿಂಗಳು ಅಲೆಯುತ್ತೀರಿ.

ಲ್ಯಾಬಿನ ಕೋಣೆಯಲ್ಲೇ ಕೊಡುವುದು ಉತ್ತಮ. ಎಲ್ಲ ಕಡೆ ಕೋಣೆ ಚೆನ್ನಾಗಿರುವುದಿಲ್ಲ. ಬಾಗಿಲಾಚೆ ಯಾರೋ ರಕ್ತ ಕೊಡಲು ಸರದಿಯಲ್ಲಿ ಕೆಮ್ಮುತ್ತಿರುತ್ತಾರೆ, ಆಗದೆ ಹೋಗುವುದು ಸಹಜ. ಆಗಲಿಲ್ಲವೆಂದರೆ ಇನ್ನೊಂದು ದಿನ ಬನ್ನಿ. ಹೆಂಡತಿ ಜೊತೆಗಿರಬಹುದೇ ಎಂದು ಕೇಳಿ, ಕೆಲವು ಕಡೆ ಬಿಡುತ್ತಾರೆ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ಲ್ಯಾಬಿನ ಕೈಸೇರಬೇಕು, ಅರ್ಧ ಗಂಟೆಯಲ್ಲಾದರೆ ಇನ್ನೂ ಒಳ್ಳೆಯದು. ಡಬ್ಬಿಯನ್ನು ಶರ್ಟಿನ ಒಳಗೆ ಮೈಗೆ ತಾಗಿಸಿಕೊಂಡು ತನ್ನಿ. ಫ್ರಿಜ್, ಐಸ್, ಬೈಕಿನ ಡಿಕ್ಕಿ ಯಾವುದೂ ಬೇಡ. ಡೊಂಬಿವಲಿಯಲ್ಲಿ ಹಿಡಿದು ಬೆಳಗಿನ ಲೋಕಲ್‌ನಲ್ಲಿ ದಾದರಿಗೆ ತರುತ್ತೇನೆಂಬ ಸಾಹಸ ಬೇಡ. ಮನೆಯ ಹತ್ತಿರದ ಒಳ್ಳೆಯ ಲ್ಯಾಬ್ ಹುಡುಕಿ.

ಡಬ್ಬಿಯ ಮೇಲೆ ಹೆಸರು ಮತ್ತು ಹೊತ್ತು ಬರೆದಿದೆಯೇ ಎಂದು ನೀವೇ ನೋಡಿ ಕೊಡಿ.

ಹಂತ 5: ರಿಪೋರ್ಟ್ ಓದುವುದು

ಕೊಟ್ಟಾಗ ಗಟ್ಟಿಯಾಗಿರುವ ವೀರ್ಯ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ, ಹೆಚ್ಚೆಂದರೆ ಒಂದು ಗಂಟೆಯಲ್ಲಿ, ನೀರಾಗುತ್ತದೆ. ಆಮೇಲೆ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಕನಿಷ್ಠ 200 ವೀರ್ಯಾಣುಗಳನ್ನು ನೋಡಿ ಎಷ್ಟು ಈಜುತ್ತಿವೆ, ಎಷ್ಟು ನಿಂತಲ್ಲೇ ಅಲುಗುತ್ತಿವೆ, ಎಷ್ಟು ಸುಮ್ಮನಿವೆ ಎಂದು ವಿಂಗಡಿಸುತ್ತೇವೆ. ಸಂಖ್ಯೆಯನ್ನು ಗೆರೆ ಹಾಕಿದ ಎಣಿಕೆ ಗಾಜಿನಲ್ಲಿ, ಆಕಾರವನ್ನು ಬಣ್ಣ ಹಾಕಿದ ಸ್ಲೈಡಿನಲ್ಲಿ ನೋಡುತ್ತೇವೆ. 2021ರ ಆವೃತ್ತಿಯ ಕೆಳಮಿತಿಗಳು ಹೀಗಿವೆ:

- ಪ್ರಮಾಣ: 1.4 ಮಿಲಿ
- ಮಿಲಿಗೆ ಸಂಖ್ಯೆ: 16 ಮಿಲಿಯನ್, ಅಂದರೆ 1.6 ಕೋಟಿ
- ಒಟ್ಟು ಸಂಖ್ಯೆ: 39 ಮಿಲಿಯನ್
- ಒಟ್ಟು ಚಲನೆ: 42 ಶೇಕಡಾ
- ಮುಂದಕ್ಕೆ ಈಜುವವು: 30 ಶೇಕಡಾ
- ಜೀವಂತ ಇರುವವು: 54 ಶೇಕಡಾ
- ಸರಿಯಾದ ಆಕಾರ: 4 ಶೇಕಡಾ

ಕೊನೆಯ ಸಾಲು ನೋಡಿಯೇ ಜನ ಬೆವರುತ್ತಾರೆ. "ನೂರಕ್ಕೆ 96 ಹಾಳೇ?" ಅಂತ. ಅಲ್ಲ. ಅಳತೆಯೇ ಅಷ್ಟು ಕಟ್ಟುನಿಟ್ಟು. ತಲೆಯ ಅಂಚು ಚೂರು ಸೊಟ್ಟಗಿದ್ದರೂ ಆ ವೀರ್ಯಾಣುವನ್ನು ಪಕ್ಕಕ್ಕಿಡುತ್ತೇವೆ. ಆಕಾರ 3 ಬಂತೆಂಬ ಒಂದೇ ಕಾರಣಕ್ಕೆ ಐವಿಎಫ್ (ಪ್ರಣಾಳ ಶಿಶು ಚಿಕಿತ್ಸೆ) ಕಡೆಗೆ ಓಡಬೇಕಿಲ್ಲ.

ಈ ಮಿತಿಗಳು ಪಾಸು ಫೇಲಿನ ಗೆರೆಯೂ ಅಲ್ಲ. ಒಂದು ವರ್ಷದೊಳಗೆ ಹೆಂಡತಿ ಗರ್ಭ ಧರಿಸಿದ ಗಂಡಸರ ವೀರ್ಯವನ್ನು ಅಳೆದು, ಅವರಲ್ಲಿ ಅತಿ ಕೆಳಗಿನ 5 ಶೇಕಡಾ ಎಲ್ಲಿ ಮುಗಿಯುತ್ತದೋ ಅಲ್ಲಿ ಗೆರೆ ಎಳೆದಿದ್ದಾರೆ. ಅಂದರೆ ಗೆರೆಯ ಕೆಳಗೂ ಅಪ್ಪಂದಿರಿದ್ದಾರೆ. ಗೆರೆಯ ಮೇಲಿದ್ದೂ ಮಕ್ಕಳಾಗದವರಿದ್ದಾರೆ. ಹಳೆಯ ಆವೃತ್ತಿಯಲ್ಲಿ ಮಿಲಿಗೆ 20 ಮಿಲಿಯನ್ ಎಂದಿತ್ತು. ಕೆಲವು ಲ್ಯಾಬುಗಳ ಕಾಗದದಲ್ಲಿ ಅದೇ ಅಚ್ಚು ಇನ್ನೂ ಉಳಿದಿದೆ, ನೋಡಿಕೊಳ್ಳಿ.

ಒಂದು ರಿಪೋರ್ಟ್ ಕೈಯಲ್ಲಿ ಹಿಡಿದಂತೆ ಓದೋಣ. ಪ್ರಮಾಣ 2.2 ಮಿಲಿ, ಮಿಲಿಗೆ 12 ಮಿಲಿಯನ್, ಚಲನೆ 38, ಮುಂದಕ್ಕೆ ಈಜುವವು 25, ಆಕಾರ 3. ಪ್ರಮಾಣ ಬಿಟ್ಟು ಉಳಿದೆಲ್ಲದರ ಮುಂದೆ ಕೆಂಪು ಗುರುತು ಬಿದ್ದಿರುತ್ತದೆ. ಒಂದೊಂದೇ ಅಂಕಿಗೆ ಹೆದರುವ ಬದಲು ಗುಣಿಸಿ: 2.2 ಸಲ 12 ಅಂದರೆ ಒಟ್ಟು 26.4 ಮಿಲಿಯನ್, ಅದರಲ್ಲಿ 38 ಶೇಕಡಾ ಅಂದರೆ ಸುಮಾರು 10 ಮಿಲಿಯನ್ ಚಲಿಸುವ ವೀರ್ಯಾಣುಗಳು. ಡಾಕ್ಟರು ಮನಸ್ಸಿನಲ್ಲಿ ಹಾಕುವ ಲೆಕ್ಕ ಇದೇ. ಹತ್ತು ಮಿಲಿಯನ್ ಹತ್ತಿರವಿದ್ದರೆ ಸಹಜವಾಗಿ ಆಗುವ ದಾರಿಯೂ ಮುಚ್ಚಿಲ್ಲ, ಗರ್ಭಕೋಶದೊಳಗೆ ವೀರ್ಯ ಬಿಡುವ ಐಯುಐ ದಾರಿಯೂ ಇದೆ. ಒಂದೆರಡು ಮಿಲಿಯನ್‌ಗಿಂತ ಕಡಿಮೆಯಾದರೆ ಮಾತು ಬೇರೆ ಕಡೆ ಹೊರಳುತ್ತದೆ.

ಕೆಲವರ ರಿಪೋರ್ಟ್‌ನಲ್ಲಿ ‘ಪಸ್ ಸೆಲ್ಸ್’ ಎಂದಿರುತ್ತದೆ, ಅದನ್ನು ಕಂಡದ್ದೇ ತಡ ಆ್ಯಂಟಿಬಯೋಟಿಕ್ ಶುರು. ಮೈಕ್ರೋಸ್ಕೋಪಿನಲ್ಲಿ ದುಂಡಗೆ ಕಾಣುವುದೆಲ್ಲ ಕೀವಿನ ಕೋಶವಲ್ಲ, ಬಲಿಯದ ವೀರ್ಯಕೋಶವೂ ಹಾಗೇ ಕಾಣುತ್ತದೆ. ಬೇರೆ ಬಣ್ಣ ಹಾಕಿ ನೋಡಿ, ಬಿಳಿರಕ್ತಕಣ ಮಿಲಿಗೆ 1 ಮಿಲಿಯನ್ ದಾಟಿದ್ದರೆ ಮಾತ್ರ ಸೋಂಕಿನ ವಿಚಾರ ಮಾಡುವುದು ಕ್ರಮ.

ಹಂತ 6: ಮತ್ತೊಮ್ಮೆ ಮಾಡಿಸಿ

ಮೊದಲನೆಯದು ಚೆನ್ನಾಗಿ ಬಂದರೆ ಒಂದೇ ಸಾಕು. ಕಡಿಮೆ ಬಂದರೆ ಎರಡನೆಯದು ಕಡ್ಡಾಯ, ಏಕೆಂದರೆ ಅದೇ ಮನುಷ್ಯನ ವೀರ್ಯ ವಾರದಿಂದ ವಾರಕ್ಕೆ ಬಹಳ ಏರಿಳಿಯುತ್ತದೆ. ಸಾಮಾನ್ಯವಾಗಿ ಮೂರು ತಿಂಗಳ ಅಂತರ ಬಿಡುತ್ತಾರೆ, ಹೊಸ ಬೆಳೆ ಬರಲು ಅಷ್ಟು ಬೇಕು. ಸೊನ್ನೆ ಅಥವಾ ತೀರಾ ಕಡಿಮೆ ಬಂದವರು ಮೂರು ತಿಂಗಳು ಕಾಯದೆ ಬೇಗನೆ ಮತ್ತೊಮ್ಮೆ ಕೊಡಬೇಕು. ಆದಷ್ಟು ಅದೇ ಲ್ಯಾಬಿನಲ್ಲಿ ಮಾಡಿಸಿ.

ಹಂತ 7: ಡಾಕ್ಟರು ಕೈಯಿಂದ ನೋಡಲೇಬೇಕು

ವಾಟ್ಸಾಪಿನಲ್ಲಿ ರಿಪೋರ್ಟ್ ಕಳಿಸಿ ಮಾತ್ರೆ ಬರೆಸಿಕೊಳ್ಳುವುದು ಈಗಿನ ರೂಢಿ. ಪ್ಯಾಂಟ್ ಇಳಿಸಿ ನೋಡದೆ ಗಂಡಸಿನ ಸಂತಾನಹೀನತೆಗೆ ಮದ್ದು ಬರೆಯುವ ಡಾಕ್ಟರನ್ನು ನಾನಾದರೆ ಬದಲಾಯಿಸುತ್ತೇನೆ. ಕೈಯಿಂದ ಮುಟ್ಟಿ ನೋಡಿದಾಗ ಮೂರು ವಿಷಯ ತಿಳಿಯುತ್ತದೆ: ವೃಷಣದ ಗಾತ್ರ ಮತ್ತು ಗಟ್ಟಿತನ, ವೀರ್ಯನಾಳ ಎರಡೂ ಕಡೆ ಇದೆಯೋ ಇಲ್ಲವೋ, ವೆರಿಕೋಸೀಲ್ ಇದೆಯೋ.

ವೆರಿಕೋಸೀಲ್ ಅಂದರೆ ವೃಷಣದ ಸುತ್ತಲಿನ ರಕ್ತನಾಳ ಊದಿಕೊಳ್ಳುವುದು. ನಿಲ್ಲಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಿ ನೋಡುತ್ತಾರೆ. ದೊಡ್ಡದಾದರೆ ಚರ್ಮದಡಿ ಹುಳುಗಳ ಗಂಟಿನಂತೆ ಕೈಗೆ ಸಿಗುತ್ತದೆ. ಸಾಮಾನ್ಯ ಗಂಡಸರಲ್ಲೂ ಸುಮಾರು 15 ಶೇಕಡಾ ಮಂದಿಗೆ ಇದೆ. ಸಂತಾನಹೀನತೆಗೆಂದು ಬರುವವರಲ್ಲಿ 35ರಿಂದ 40 ಶೇಕಡಾ. ಹೆಚ್ಚಾಗಿ ಎಡಗಡೆ, ಏಕೆಂದರೆ ಎಡ ವೃಷಣದ ರಕ್ತನಾಳ ಮೂತ್ರಪಿಂಡದ ರಕ್ತನಾಳಕ್ಕೆ ನೇರ ಅಡ್ಡವಾಗಿ ಹೋಗಿ ಸೇರುತ್ತದೆ, ಒತ್ತಡ ಹಿಂದಕ್ಕೆ ಬರುತ್ತದೆ. ಬಲಗಡೆ ಮಾತ್ರ ದಿಢೀರೆಂದು ಕಂಡರೆ ಹೊಟ್ಟೆಯ ಸ್ಕ್ಯಾನ್ ಕೂಡ ಮಾಡಿಸುತ್ತಾರೆ.

ಕೈಗೆ ಸಿಗುವ ವೆರಿಕೋಸೀಲ್ ಇದ್ದು, ವೀರ್ಯವೂ ಕಡಿಮೆಯಿದ್ದರೆ ಆಪರೇಷನ್ನಿಂದ ಹಲವರಿಗೆ ಲಾಭವಿದೆ, ಫಲ ಕಾಣಲು ಮೂರರಿಂದ ಆರು ತಿಂಗಳು. ಕೈಗೆ ಸಿಗದೆ ಡಾಪ್ಲರ್ ಸೋನೋಗ್ರಫಿಯಲ್ಲಿ ಮಾತ್ರ ಕಂಡದ್ದಕ್ಕೆ ಕತ್ತರಿ ಹಾಕಿಸುವುದರಿಂದ ಪ್ರಯೋಜನ ಕಂಡುಬಂದಿಲ್ಲ. "ಸೋನೋಗ್ರಫಿಯಲ್ಲಿ ಬಂದಿದೆ, ನಾಳೆಯೇ ಆಪರೇಷನ್" ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಹಂತ 8: ರಕ್ತ, ಸ್ಕ್ಯಾನ್, ವಂಶವಾಹಿ

ಎಲ್ಲರಿಗೂ ಎಲ್ಲ ಟೆಸ್ಟ್ ಬೇಡ. ಸಂಖ್ಯೆ ಮಿಲಿಗೆ 10 ಮಿಲಿಯನ್‌ಗಿಂತ ಕಡಿಮೆಯಿದ್ದರೆ, ಅಥವಾ ಕಾಮಾಸಕ್ತಿ ಮತ್ತು ನಿಮಿರುವಿಕೆಯ ತೊಂದರೆಯಿದ್ದರೆ ರಕ್ತದಲ್ಲಿ ಎಫ್‌ಎಸ್‌ಎಚ್ (ವೀರ್ಯಾಣು ತಯಾರಿಸೆಂದು ಮೆದುಳು ವೃಷಣಕ್ಕೆ ಕಳಿಸುವ ಹಾರ್ಮೋನ್) ಮತ್ತು ಟೆಸ್ಟೋಸ್ಟೆರೋನ್ ನೋಡುತ್ತಾರೆ. ಟೆಸ್ಟೋಸ್ಟೆರೋನ್ ರಕ್ತವನ್ನು ಬೆಳಿಗ್ಗೆ 10 ಗಂಟೆಯೊಳಗೆ ಕೊಡಬೇಕು, ಮಧ್ಯಾಹ್ನ ಅದು ಸಹಜವಾಗಿಯೇ ಇಳಿಯುತ್ತದೆ. ಅದು ಕಡಿಮೆ ಬಂದರೆ ಎಲ್‌ಎಚ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್‌ಗಳೂ ಸೇರುತ್ತವೆ. ಎಫ್‌ಎಸ್‌ಎಚ್ ಏರಿದ್ದು ವೃಷಣ ಚಿಕ್ಕದಿದ್ದರೆ ತೊಂದರೆ ಉತ್ಪಾದನೆಯಲ್ಲಿದೆ ಎಂದರ್ಥ. ಎಫ್‌ಎಸ್‌ಎಚ್, ಟೆಸ್ಟೋಸ್ಟೆರೋನ್ ಎರಡೂ ತೀರಾ ಕೆಳಗಿದ್ದರೆ ಮೆದುಳಿನಿಂದ ಆಜ್ಞೆಯೇ ಬರುತ್ತಿಲ್ಲ. ಹಾರ್ಮೋನ್ ಇಂಜೆಕ್ಷನ್ನಿನಿಂದ ನಿಜವಾಗಿ ಗುಣ ಕಾಣುವ ಗುಂಪು ಇದು.

ಮಿಲಿಗೆ 5 ಮಿಲಿಯನ್‌ಗಿಂತ ಕಡಿಮೆಯಾದರೆ ಕ್ಯಾರಿಯೋಟೈಪ್ (ಕ್ರೋಮೋಸೋಮುಗಳ ಸಂಖ್ಯೆ, ರಚನೆ ನೋಡುವ ಟೆಸ್ಟ್) ಮತ್ತು ವೈ ಕ್ರೋಮೋಸೋಮಿನ ಸೂಕ್ಷ್ಮ ಕೊರತೆಯ ಟೆಸ್ಟ್ ಹೇಳಬಹುದು. ಒಂದು ಎಕ್ಸ್ ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸ್ಥಿತಿ ಹೀಗೆ ಎಷ್ಟೋ ಸಲ ಮದುವೆಯಾದ ಮೇಲೆ ಮೊದಲ ಬಾರಿಗೆ ತಿಳಿಯುತ್ತದೆ. ವೈ ಕೊರತೆ ಇರುವವರಿಗೆ ಚಿಕಿತ್ಸೆಯಿಂದ ಗಂಡು ಮಗು ಹುಟ್ಟಿದರೆ ಅದಕ್ಕೂ ಆ ಕೊರತೆ ಹೋಗುತ್ತದೆ. ಮುಂದುವರಿಯುವ ಮುನ್ನ ಇದನ್ನು ತಿಳಿದಿರಬೇಕು.

ಪ್ರಮಾಣವೇ ಬಹಳ ಕಡಿಮೆ ಬಂದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಸ್ಖಲನದ ನಂತರ ಮೂತ್ರ ಹಿಡಿದು ನೋಡುವ ಪರೀಕ್ಷೆಯಿದೆ. ವೀರ್ಯ ಮುಂದಕ್ಕೆ ಬರುವ ಬದಲು ಮೂತ್ರಚೀಲಕ್ಕೆ ಹಿಮ್ಮುಖ ಹೋಗುತ್ತಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ವೀರ್ಯಾಣುವಿನ ಡಿಎನ್‌ಎ ಎಷ್ಟು ತುಂಡಾಗಿದೆ ಎಂದು ನೋಡುವ ಡಿಎನ್‌ಎ ಫ್ರಾಗ್‌ಮೆಂಟೇಶನ್ ಟೆಸ್ಟನ್ನು ಈಗ ಪ್ಯಾಕೇಜಿನಲ್ಲೇ ಸೇರಿಸಿ ಮಾರುತ್ತಾರೆ. ಮೊದಲ ಸುತ್ತಿನಲ್ಲಿ ಅದು ಬೇಡ, ಪದೇ ಪದೇ ಗರ್ಭಪಾತ ಆಗುತ್ತಿದ್ದರೆ ಕೇಳಿ.

ಹಂತ 9: ಸೊನ್ನೆ ಬಂದರೆ

ನೂರರಲ್ಲಿ ಒಬ್ಬ ಗಂಡಸಿಗೆ ವೀರ್ಯದಲ್ಲಿ ವೀರ್ಯಾಣುವೇ ಇರುವುದಿಲ್ಲ. ಎರಡು ಸ್ಯಾಂಪಲ್‌ಗಳನ್ನೂ ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಹುಡುಕಿದ ಮೇಲೂ ಸಿಗದಿದ್ದರೆ ಮಾತ್ರ ಅದು ಅಜೂಸ್ಪರ್ಮಿಯಾ. ‘ತಿರುಗಿಸಿ ನೋಡಿದಿರಾ?’ ಎಂದು ಲ್ಯಾಬಿನವರನ್ನು ಕೇಳುವ ಹಕ್ಕು ನಿಮಗಿದೆ.

ಮುಂದಿನ ಪ್ರಶ್ನೆ ಒಂದೇ: ತಯಾರಾಗುತ್ತಿಲ್ಲವೋ, ತಯಾರಾಗಿ ಹೊರಬರುತ್ತಿಲ್ಲವೋ? ವೃಷಣ ಸಾಮಾನ್ಯ ಗಾತ್ರದ್ದು, ಎಫ್‌ಎಸ್‌ಎಚ್ ಸರಿ ಎಂದರೆ ನಾಳ ಎಲ್ಲೋ ಮುಚ್ಚಿರುವ ಸಾಧ್ಯತೆ ಹೆಚ್ಚು. ಅಲ್ಲಿ ಸೂಜಿಯಿಂದಲೇ ವೀರ್ಯಾಣು ತೆಗೆಯಬಹುದು. ಹುಟ್ಟಿನಿಂದ ನಾಳವೇ ಇಲ್ಲದವರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ವಂಶವಾಹಿಯ ದೋಷ ಇರಬಹುದಾದ್ದರಿಂದ ಹೆಂಡತಿಗೂ ಆ ಟೆಸ್ಟ್ ಆಗಬೇಕು. ಉತ್ಪಾದನೆಯೇ ಕುಂಠಿತವಾಗಿದ್ದರೆ ಮೈಕ್ರೋ ಟೀಸೆ ಎಂಬ ಆಪರೇಷನ್ನಿನಲ್ಲಿ ವೃಷಣ ತೆರೆದು, ಸೂಕ್ಷ್ಮದರ್ಶಕದಡಿ ವೀರ್ಯಾಣು ಇರುವ ಚೂರುಗಳನ್ನು ಹುಡುಕುತ್ತಾರೆ. ಕೆಲವರಲ್ಲಿ ಸಿಗುತ್ತದೆ, ಕೆಲವರಲ್ಲಿ ಇಲ್ಲ. ವೈ ಕ್ರೋಮೋಸೋಮಿನ ಎ ಅಥವಾ ಬಿ ಭಾಗ ಪೂರ್ತಿ ಇಲ್ಲದವರಲ್ಲಿ ಸಿಗುವ ಆಸೆಯಿಲ್ಲ, ಅವರನ್ನು ಆಪರೇಷನ್ ಟೇಬಲ್ಲಿಗೆ ಒಯ್ಯಬಾರದು. ವಂಶವಾಹಿ ಟೆಸ್ಟ್ ಮೊದಲು, ಕತ್ತರಿ ಆಮೇಲೆ. ಸಿಕ್ಕ ಒಂದೊಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚುವ ಇಕ್ಸಿ ವಿಧಾನ 1992ರಿಂದ ಬಳಕೆಯಲ್ಲಿದೆ.

ಹಂತ 10: ಈ ಮೂರು ತಿಂಗಳು ಏನು ಮಾಡುವುದು, ಏನು ಬಿಡುವುದು

ತಂಬಾಕು ಬಿಡಿ, ಕುಡಿತ ಇಳಿಸಿ, ಹೊಟ್ಟೆ ಕರಗಿಸಿ, ಜಿಮ್ಮಿನ ಇಂಜೆಕ್ಷನ್ ಡಾಕ್ಟರಿಗೆ ಹೇಳಿ ನಿಲ್ಲಿಸಿ. ಭಟ್ಟಿಯವರು ಸಾಧ್ಯವಾದರೆ ಕೌಂಟರಿಗೋ ಸಪ್ಲೈಗೋ ಬದಲಿಸಿಕೊಳ್ಳಿ. ಹೋಟೆಲ್ ಯಜಮಾನರು ಹೆಚ್ಚಾಗಿ ನಮ್ಮೂರಿನವರೇ, ಕಾರಣ ಹೇಳದೆಯೂ ಕೇಳಬಹುದು. ಲ್ಯಾಪ್‌ಟಾಪ್ ತೊಡೆಯಿಂದ ಟೇಬಲ್ಲಿಗೆ ಹೋಗಲಿ.

‘ಕೌಂಟ್ ಹೆಚ್ಚಿಸುವ’ ಮಾತ್ರೆಗಳಲ್ಲಿ ಬಹುಪಾಲು ಸತು, ಫೋಲಿಕ್ ಆಮ್ಲ, ಇನ್ನಿತರ ಆ್ಯಂಟಿಆಕ್ಸಿಡೆಂಟ್‌ಗಳ ಮಿಶ್ರಣ. ಸತು ಮತ್ತು ಫೋಲಿಕ್ ಆಮ್ಲದ ಮೇಲೆ ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳನ್ನು ಸೇರಿಸಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವೀರ್ಯವೂ ಸುಧಾರಿಸಲಿಲ್ಲ, ಹೆಚ್ಚು ಮಕ್ಕಳೂ ಹುಟ್ಟಲಿಲ್ಲ. ಡಾಕ್ಟರು ಬರೆದುಕೊಟ್ಟರೆ ಮೂರು ತಿಂಗಳು ತೆಗೆದುಕೊಳ್ಳಿ, ಆದರೆ ಹೆಂಡತಿಗೆ 34 ಇದ್ದಾಗ ಮಾತ್ರೆಯ ಮೇಲೆ ಮಾತ್ರೆ ಬದಲಿಸುತ್ತ ವರ್ಷ ಕಳೆಯಬೇಡಿ. ಇನ್ನು ಲೋಕಲ್ ಡಬ್ಬಿಯ ಗೋಡೆಗೆ ಅಂಟಿಸಿರುವ ‘ಗುಪ್ತ ರೋಗ’ದ ಚೀಟಿಯ ನಂಬರು: ಅಲ್ಲಿ ವೀರ್ಯ ಪರೀಕ್ಷೆಯನ್ನು ಯಾರೂ ಕೇಳುವುದಿಲ್ಲ, ದುಡ್ಡು ಮಾತ್ರ ಕೇಳುತ್ತಾರೆ.

ಕಾಗದ, ಕಾನೂನು, ವಿಮೆ

ಮಾತು ಐಯುಐ, ಐವಿಎಫ್ ತನಕ ಹೋದರೆ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಅನ್ವಯವಾಗುತ್ತದೆ. ಕ್ಲಿನಿಕ್ ನೋಂದಣಿಯಾಗಿರಲೇಬೇಕು, ಪ್ರಮಾಣಪತ್ರ ತೋರಿಸಿ ಎನ್ನಿ. ಚಿಕಿತ್ಸೆಗೆ ಗಂಡಸಿನ ವಯಸ್ಸು 21ರಿಂದ 55, ಹೆಂಗಸಿನದು 21ರಿಂದ 50ರೊಳಗಿರಬೇಕು. ದಾನಿಯ ವೀರ್ಯ ಬೇಕಾದರೆ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು, ಒಬ್ಬ ದಾನಿಯದನ್ನು ಒಂದೇ ದಂಪತಿಗೆ ಕೊಡಬೇಕು, ಇಬ್ಬರ ಲಿಖಿತ ಒಪ್ಪಿಗೆ ಬೇಕು. ಗಂಡನಿಗೆ ತಿಳಿಯದಂತೆ ‘ಮಿಕ್ಸ್ ಮಾಡಿ ಹಾಕುತ್ತೇವೆ’ ಎಂಬ ಪಿಸುಮಾತು ಎಲ್ಲಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆರೋಗ್ಯ ವಿಮೆ ಈ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಪಾಲಿಸಿಯ ಹೊರತುಪಡಿಕೆಗಳ ಪಟ್ಟಿಯಲ್ಲಿ 17ನೇ ಕೋಡ್ ಸಂತಾನಹೀನತೆಯದೇ. ಕಂಪನಿಯ ಗುಂಪು ವಿಮೆಯಿದ್ದರೆ ಎಚ್‌ಆರ್‌ಗೆ ಒಮ್ಮೆ ಕೇಳಿ, ಕೆಲವು ಕಡೆ ಬೇರೆಯಾಗಿ ಸೇರಿಸಿರುತ್ತಾರೆ. ಪ್ರತಿ ರಿಪೋರ್ಟಿನ ಒಂದು ಝೆರಾಕ್ಸ್ ತಾರೀಖಿನ ಪ್ರಕಾರ ಫೈಲಿನಲ್ಲಿಡಿ. ಡಾಕ್ಟರ್ ಬದಲಾದಾಗ ಹೊಸಬರು ಮೊದಲು ಕೇಳುವುದು ಹಳೆಯ ಎರಡು ವೀರ್ಯ ರಿಪೋರ್ಟ್, ಎಫ್‌ಎಸ್‌ಎಚ್ ಮತ್ತು ಹೆಂಡತಿಯ ಎಎಂಎಚ್ (ಅಂಡಗಳ ಸಂಗ್ರಹ ಎಷ್ಟಿದೆ ಎಂದು ಅಂದಾಜಿಸುವ ರಕ್ತ ಪರೀಕ್ಷೆ).